ಡಾಕ್ಟರು ‘ಗೊತ್ತಿಲ್ಲ’ ಅಂದರೆ ಏನರ್ಥ? ಲಕ್ವ, ಸ್ಟೆಮ್ ಸೆಲ್ ಮತ್ತು ಟ್ರಯಲ್‌ಗೆ ಸೇರುವ ಪ್ರಶ್ನೆ

ನಮ್ಮ ದೊಡ್ಡಪ್ಪನಿಗೆ ಲಕ್ವ ಹೊಡೆದು ಎಂಟು ತಿಂಗಳಾಯಿತು. ಶ್ರೀನಿವಾಸಪುರದ ಹತ್ತಿರದ ಹಳ್ಳಿ. ಬೆಳಗ್ಗೆ ಮಾವಿನ ತೋಪು ಸುತ್ತಿ ಬಂದು ಜಗುಲಿ ಮೇಲೆ ಕೂತು ಕಾಫಿ ಲೋಟ ಹಿಡಿದರು. ಲೋಟದ ಸಮೇತ ಕೈ ಕೆಳಗೆ ಬಿತ್ತು. ಈಗ ಕೋಲು ಹಿಡಿದು ನಡೆಯುತ್ತಾರೆ. ಮಾತು ಬಹಳ ಮಟ್ಟಿಗೆ ವಾಪಸ್ ಬಂದಿದೆ. ಬಲಗೈ ಮಾತ್ರ ಇನ್ನೂ ಮಡಿಲಲ್ಲೇ ಇರುತ್ತದೆ.

ಹೋದ ತಿಂಗಳು ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೊ ಬಂತು. ಸ್ಟೆಮ್ ಸೆಲ್ ಹಾಕಿಸಿಕೊಂಡರೆ ಲಕ್ವ ಹೊಡೆದವರು ಎದ್ದು ಓಡಾಡುತ್ತಾರಂತೆ. ನಮ್ಮಣ್ಣ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದ. ಲಕ್ಷಗಟ್ಟಲೆ ಹೇಳಿದರು. ಮುಂದಿನ ಫಸಲಿನ ಮೇಲೆ ಮಂಡಿಯಲ್ಲಿ ಮುಂಗಡ ತೆಗೆಯೋಣ ಅನ್ನುವ ಮಾತೂ ಆಯಿತು. ಅದಕ್ಕೂ ಮೊದಲು ಕೋಲಾರದಲ್ಲಿ ದೊಡ್ಡಪ್ಪನನ್ನು ನೋಡುವ ಡಾಕ್ಟರನ್ನೇ ಒಂದು ಮಾತು ಕೇಳೋಣ ಅಂತ ನಾನೂ ಅಣ್ಣನೂ ಹೋದೆವು. ಅವರು ಹೇಳಿದ್ದು ಇಷ್ಟು: “ಇದರಿಂದ ಗುಣ ಆಗುತ್ತೋ ಇಲ್ಲವೋ ಇನ್ನೂ ಗೊತ್ತಿಲ್ಲ. ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಡಿ. ಎಲ್ಲಾದರೂ ಸರಿಯಾದ ಟ್ರಯಲ್ ನಡೆದರೆ ಹೇಳಿ, ಆಗ ಕೂತು ಯೋಚನೆ ಮಾಡೋಣ.” ಟ್ರಯಲ್ ಅಂದರೆ ಒಂದು ಚಿಕಿತ್ಸೆ ಕೆಲಸ ಮಾಡುತ್ತದಾ ಅಂತ ರೋಗಿಗಳಲ್ಲಿ ನಿಯಮದ ಪ್ರಕಾರ ಪರೀಕ್ಷಿಸಿ ನೋಡುವುದು.

ಹೊರಗೆ ಬಂದ ಅಣ್ಣನಿಗೆ ಸಿಟ್ಟು. “ಕೆಲಸ ಮಾಡುತ್ತೋ ಇಲ್ವೋ ಗೊತ್ತಿಲ್ಲ ಅಂದಮೇಲೆ ಟ್ರಯಲ್‌ಗಾದರೂ ಯಾಕೆ ಸೇರಬೇಕು? ಸೇರಬಹುದು ಅನ್ನೋದಾದರೆ ಈಗಲೇ ದುಡ್ಡು ಕೊಟ್ಟು ಹಾಕಿಸಿದರೆ ತಪ್ಪೇನು?” ಅಂದ. ಬಸ್ಸಿನಲ್ಲಿ ಕೂತು ಯೋಚಿಸಿದರೆ ಎರಡೂ ನ್ಯಾಯವಾದ ಪ್ರಶ್ನೆಗಳೇ ಅನ್ನಿಸಿತು. ನಾನು ಡಾಕ್ಟರಲ್ಲ. ಆದರೆ ಈ ಒಂದು ತಿಂಗಳು ಓದಿದ್ದು, ಕೇಳಿ ತಿಳಿದದ್ದು ಬೇರೆ ಮನೆಗಳಿಗೂ ಬೇಕಾಗಬಹುದು ಅಂತ ಬರೆಯುತ್ತಿದ್ದೇನೆ.

## ಮೊದಲು ಲಕ್ವ ಅಂದರೇನು

ಲಕ್ವ, ಪಾರ್ಶ್ವವಾಯು, ಸ್ಟ್ರೋಕ್ ಎಲ್ಲವೂ ಒಂದೇ. ಮಿದುಳಿಗೆ ರಕ್ತ ಹೋಗುವ ನಾಳದಲ್ಲಿ ತೊಂದರೆ ಆಗುವುದು. ನಮ್ಮ ಕಡೆ ಡ್ರಿಪ್ ನೀರಾವರಿ ನೋಡದವರು ಯಾರಿದ್ದಾರೆ? ಟೊಮೆಟೊ ಸಾಲಿನ ಪೈಪಿನಲ್ಲಿ ಮಣ್ಣೋ ಉಪ್ಪೋ ಕಟ್ಟಿಕೊಂಡರೆ ಅಲ್ಲಿಂದ ಮುಂದಿನ ಗಿಡಗಳಿಗೆ ನೀರಿಲ್ಲ. ಹಾಗೆಯೇ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಂಡರೆ ಮುಂದಿನ ನರಕೋಶಗಳಿಗೆ ಉಸಿರಿಲ್ಲ. ಹೆಚ್ಚಿನ ಸ್ಟ್ರೋಕ್ ಈ ಬಗೆಯದು. ಪೈಪ್ ಒಡೆದು ನೀರು ನುಗ್ಗಿದ ಹಾಗೆ, ನಾಳ ಒಡೆದು ಮಿದುಳೊಳಗೆ ರಕ್ತ ಸುರಿಯುವುದು ಇನ್ನೊಂದು ಬಗೆ.

ನೀರು ನಿಂತ ಸಾಲಿನಲ್ಲಿ ಎಲ್ಲ ಗಿಡವೂ ಒಟ್ಟಿಗೆ ಸಾಯುವುದಿಲ್ಲ. ಕೆಲವು ಬೇಗ ಒಣಗುತ್ತವೆ, ಅಕ್ಕಪಕ್ಕದವು ಬಾಡಿ ನಿಂತಿರುತ್ತವೆ. ಸಂಜೆಯೊಳಗೆ ನೀರು ಬಿಟ್ಟರೆ ಬಾಡಿದವು ಏಳುತ್ತವೆ, ಒಣಗಿದವು ಏಳುವುದಿಲ್ಲ. ಮಿದುಳಲ್ಲಿ ಇದೇ ಆಟ ಬಹಳ ಬೇಗ ನಡೆಯುತ್ತದೆ. ದೊಡ್ಡ ನಾಳ ಮುಚ್ಚಿಕೊಂಡ ಸ್ಟ್ರೋಕಿನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ 2006ರಲ್ಲಿ ಲೆಕ್ಕ ಹಾಕಿದ್ದಾರೆ. ಅದಕ್ಕೇ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾಳದೊಳಗೆ ತೆಳ್ಳನೆ ಕೊಳವೆ ತೂರಿಸಿ ಹೆಪ್ಪನ್ನು ಎಳೆದು ತೆಗೆಯುವ ವಿಧಾನವೂ ಇದೆ. ಆಯ್ದ ಕೆಲವು ರೋಗಿಗಳಿಗೆ ಅದನ್ನು 24 ಗಂಟೆಯವರೆಗೂ ಮಾಡಬಹುದು.

ಈ ಎರಡೂ ಪೂರಾ ಸಾಬೀತಾದ ಚಿಕಿತ್ಸೆಗಳು. ಬಾಯಿ ಸೊಟ್ಟಗಾಯಿತು, ಕೈ ಎತ್ತಲು ಆಗುತ್ತಿಲ್ಲ, ಮಾತು ತೊದಲುತ್ತಿದೆ ಅಂದ ಕೂಡಲೇ 108ಕ್ಕೆ ಫೋನ್ ಮಾಡಿ. ನಾಟಿ ಔಷಧಿಗೆ ಗಡಿ ದಾಟಿ ಆಂಧ್ರದ ಹಳ್ಳಿಗೆ ಕಾರು ಮಾಡಿಕೊಂಡು ಹೋಗುವ ರೂಢಿ ನಮ್ಮ ಜಿಲ್ಲೆಯಲ್ಲಿ ಈಗಲೂ ಇದೆ. ಆ ಮೊದಲ ನಾಲ್ಕು ಗಂಟೆ ಅದಕ್ಕೆ ಹೋಗಿಬಿಟ್ಟರೆ ಮತ್ತೆ ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಕಳೆದದ್ದೂ ಅದೇ ಹೊತ್ತು. ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಸತ್ತ ನರಕೋಶದ ಜಾಗದಲ್ಲಿ ಹೊಸದು ಬರುವುದು ಬಹಳ ಅಪರೂಪ. ಆದರೂ ಜನ ಸುಧಾರಿಸುತ್ತಾರಲ್ಲ, ಅದು ಹೇಗೆ? ಅಕ್ಕಪಕ್ಕದ ಉಳಿದ ಭಾಗಗಳು ನಿಧಾನವಾಗಿ ಆ ಕೆಲಸ ಕಲಿಯುತ್ತವೆ. ಫಿಜಿಯೋಥೆರಪಿ ಅಂದರೆ ಆ ಕಲಿಕೆಗೆ ಪಾಠ ಹೇಳಿಸುವುದು. ಮೊದಲ ಮೂರರಿಂದ ಆರು ತಿಂಗಳು ಸುಧಾರಣೆ ಜೋರಾಗಿರುತ್ತದೆ, ಆಮೇಲೆ ನಿಧಾನ. ಈ ನಿಧಾನದ ದಿನಗಳಲ್ಲೇ ಸ್ಟೆಮ್ ಸೆಲ್ ವಿಡಿಯೊಗಳು ಮನೆಯೊಳಗೆ ಬರುತ್ತವೆ.

## ಸ್ಟೆಮ್ ಸೆಲ್ ಏನು ಮಾಡಬಹುದು ಅಂತ ಅಂದುಕೊಂಡಿದ್ದಾರೆ

ಕನ್ನಡದಲ್ಲಿ ಕಾಂಡಕೋಶ ಅನ್ನುತ್ತಾರೆ. ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಕಡ್ಡಿ ನೆಡುವುದನ್ನು ನೆನಪು ಮಾಡಿಕೊಳ್ಳಿ. ಒಣಕಲು ಕಡ್ಡಿಯಂತೆ ಕಾಣುತ್ತದೆ, ಆದರೆ ಮಣ್ಣಿಗಿಟ್ಟರೆ ಕೆಳಗೆ ಬೇರು, ಮೇಲೆ ಚಿಗುರು ಬಿಡುತ್ತದೆ. ನಮ್ಮ ಮೈಯಲ್ಲೂ ಇಂಥ ಕೋಶಗಳಿವೆ. ಇನ್ನೂ ಇಂಥದ್ದೇ ಆಗಬೇಕು ಅಂತ ಪೂರ್ತಿ ತೀರ್ಮಾನ ಆಗಿರುವುದಿಲ್ಲ. ಮೂಳೆಯೊಳಗಿನ ಮಜ್ಜೆಯಲ್ಲಿ ಇರುವಂಥವು ದಿನವೂ ಹೊಸ ರಕ್ತಕಣಗಳನ್ನು ಹುಟ್ಟಿಸುತ್ತಿರುತ್ತವೆ.

ಇಲ್ಲೊಂದು ಗೊಂದಲ ಬಿಡಿಸಿಕೊಳ್ಳಬೇಕು. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ ಇಂಥ ಕಾಯಿಲೆಗಳಿಗೆ ಮೂಳೆಮಜ್ಜೆ ಕಸಿ ಮಾಡುವುದು ಎಷ್ಟೋ ವರ್ಷಗಳಿಂದ ಇದೆ. ಅದೂ ಸ್ಟೆಮ್ ಸೆಲ್ ಚಿಕಿತ್ಸೆಯೇ, ಅದು ಸಾಬೀತಾಗಿದೆ. “ಸ್ಟೆಮ್ ಸೆಲ್ ಚಿಕಿತ್ಸೆ ಭಾರತದಲ್ಲಿ ಮಾನ್ಯ” ಅಂತ ಯಾರಾದರೂ ಹೇಳಿದರೆ ಮಾತು ಸುಳ್ಳಲ್ಲ. ಆದರೆ ಆ ಮಾನ್ಯತೆ ರಕ್ತದ ಕಾಯಿಲೆಗಳಿಗೆ ಸೇರಿದ್ದು. ಲಕ್ವಕ್ಕೆ ಅದನ್ನು ಎಳೆದು ತರಲಾಗದು.

ಲಕ್ವದಲ್ಲಿ ಈ ಕೋಶಗಳು ನೇರವಾಗಿ ಹೊಸ ಮಿದುಳಾಗಿ ಬೆಳೆದುಬಿಡುತ್ತವೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಈಗ ಪರೀಕ್ಷೆ ಮಾಡುತ್ತಿರುವ ಹೆಚ್ಚಿನ ಕೋಶಗಳ ವಿಷಯದಲ್ಲಿ ವಿಜ್ಞಾನಿಗಳ ಎಣಿಕೆ ಬೇರೆ. ಹೊಲಕ್ಕೆ ಜೀವಾಮೃತ ಹಾಕಿದರೆ ಅದೇ ಬೆಳೆಯಾಗುತ್ತದಾ? ಮಣ್ಣು ಹದವಾಗುತ್ತದೆ, ಇರುವ ಬೇರು ಚುರುಕಾಗುತ್ತದೆ, ಅಷ್ಟೆ. ಹಾಗೆಯೇ ಈ ಕೋಶಗಳು ಒಳಗೆ ಹೋಗಿ ಕೆಲವು ರಾಸಾಯನಿಕ ಸಂದೇಶ ಬಿಡುತ್ತವೆ, ಉರಿಯೂತ ತಗ್ಗಿಸುತ್ತವೆ, ಉಳಿದ ನರಕೋಶಗಳ ಕಲಿಕೆಗೆ ಸಹಾಯ ಮಾಡುತ್ತವೆ ಅನ್ನುವುದು ಆಸೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಈ ಆಸೆಗೆ ಬಲ ಸಿಕ್ಕಿದೆ. ಮನುಷ್ಯರಲ್ಲಿ ಏನಾಗಿದೆ ಅನ್ನುವುದು ಮುಂದಿನ ಮಾತು.

ಕೋಶ ಎಲ್ಲಿಂದ ತರುತ್ತಾರೆ ಅನ್ನುವುದರಲ್ಲೂ ವ್ಯತ್ಯಾಸವಿದೆ. ರೋಗಿಯ ಸೊಂಟದ ಮೂಳೆಯಿಂದಲೇ ತೆಗೆಯಬಹುದು, ಬೇರೆ ದಾನಿಯಿಂದ ತೆಗೆದು ಲ್ಯಾಬಿನಲ್ಲಿ ಬೆಳೆಸಬಹುದು. ಕೊಡುವ ದಾರಿಯೂ ಬೇರೆ ಬೇರೆ. ಸಲೈನ್ ಥರ ಕೈನರಕ್ಕೆ ಬಿಡುವುದು ಒಂದು. ತಲೆಬುರುಡೆಗೆ ಸಣ್ಣ ತೂತು ಕೊರೆದು ಮಿದುಳಿಗೇ ಸೇರಿಸುವುದು ಇನ್ನೊಂದು. ಸೇರಬೇಕಾ ಬೇಡವಾ ಅನ್ನುವ ಮನಸ್ಸು ಈ ಒಂದು ವ್ಯತ್ಯಾಸದ ಮೇಲೆ ಎಷ್ಟು ಬದಲಾಗುತ್ತದೆ ಅನ್ನುವುದನ್ನು ನಮ್ಮ ಮನೆಯಲ್ಲೇ ನೋಡಿದೆ. ಸಲೈನ್ ಅಂದಾಗ ಎಲ್ಲರೂ ತಲೆಯಾಡಿಸಿದರು. ತೂತು ಅಂದಾಗ ದೊಡ್ಡಮ್ಮ ಎದ್ದು ಒಳಗೆ ಹೋದರು.

## ಇಲ್ಲಿಯವರೆಗೆ ಸಿಕ್ಕ ಉತ್ತರ

ನಮ್ಮ ದೇಶದಲ್ಲೇ ಒಂದು ಗಟ್ಟಿ ಪ್ರಯೋಗ ನಡೆದಿದೆ. ದೆಹಲಿಯ ಏಮ್ಸ್ ಮುಂದಾಳತ್ವದಲ್ಲಿ ಐದು ಕೇಂದ್ರಗಳು ಸೇರಿ 120 ಸ್ಟ್ರೋಕ್ ರೋಗಿಗಳನ್ನು ತೆಗೆದುಕೊಂಡವು. ಅರ್ಧದಷ್ಟು ಜನರಿಗೆ ಅವರದೇ ಮೂಳೆಮಜ್ಜೆಯ ಕೋಶಗಳನ್ನು ನರದ ಮೂಲಕ ಕೊಟ್ಟರು, ಉಳಿದವರಿಗೆ ಮಾಮೂಲಿ ಚಿಕಿತ್ಸೆ ಮಾತ್ರ. 2014ರಲ್ಲಿ ಫಲಿತಾಂಶ ಬಂತು. ಅಪಾಯ ಜಾಸ್ತಿ ಆಗಲಿಲ್ಲ. ಉಪಯೋಗವೂ ಕಾಣಲಿಲ್ಲ. ಆರು ತಿಂಗಳ ನಂತರ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರು.

ಅಮೆರಿಕದ ಕಥೆ ಇನ್ನೂ ಪಾಠ ಕಲಿಸುವಂಥದ್ದು. ಸ್ಟ್ರೋಕ್ ಆಗಿ ಎಷ್ಟೋ ತಿಂಗಳಾದ 18 ಜನರ ಮಿದುಳಿಗೆ, ದಾನಿಗಳ ಮಜ್ಜೆಯಿಂದ ತಯಾರಿಸಿದ ಕೋಶಗಳನ್ನು ಬುರುಡೆಯ ತೂತಿನ ಮೂಲಕ ಸೇರಿಸಿದರು. 2016ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇದನ್ನು ಪ್ರಕಟಿಸಿದರು. ಹಲವರಲ್ಲಿ ಸುಧಾರಣೆ ಕಂಡಿತ್ತು, ದೊಡ್ಡ ಸುದ್ದಿಯಾಯಿತು. ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಆಮೇಲೆ ಅದೇ ಕೋಶಗಳನ್ನು 163 ಜನರ ಮೇಲೆ ಸರಿಯಾಗಿ ಪರೀಕ್ಷಿಸಿದರು. ಈ ಸಲ ಒಂದು ಗುಂಪಿಗೆ ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋಗಿ ಎಲ್ಲ ತಯಾರಿಯನ್ನೂ ಹಾಗೆಯೇ ಮಾಡಿ, ಕೋಶಗಳನ್ನು ಮಾತ್ರ ಕೊಡಲಿಲ್ಲ. ಯಾರು ಯಾವ ಗುಂಪು ಅನ್ನುವುದು ರೋಗಿಗೂ ಗೊತ್ತಿಲ್ಲ, ಅಳೆಯುವವರಿಗೂ ಗೊತ್ತಿಲ್ಲ. 2019ರಲ್ಲಿ ಉತ್ತರ ಬಂತು. ಮುಖ್ಯ ಅಳತೆಯಲ್ಲಿ ಎರಡು ಗುಂಪಿಗೂ ಸಾಬೀತಾಗುವಷ್ಟು ವ್ಯತ್ಯಾಸ ಸಿಗಲಿಲ್ಲ.

ಜಪಾನಿನಲ್ಲಿ ಸ್ಟ್ರೋಕ್ ಆದ 18ರಿಂದ 36 ಗಂಟೆಯೊಳಗೆ ದಾನಿಯ ಕೋಶಗಳನ್ನು ನರಕ್ಕೆ ಬಿಟ್ಟು ಸುಮಾರು 200 ಜನರಲ್ಲಿ ನೋಡಿದರು. 2024ರಲ್ಲಿ ಪ್ರಕಟವಾದ ಅದರ ಮುಖ್ಯ ಫಲಿತಾಂಶವೂ ಹೀಗೆಯೇ.

ಹಾಗಾದರೆ ಬಾಗಿಲು ಮುಚ್ಚಿತಾ? ಮುಚ್ಚಿಲ್ಲ. ಯಾವ ಕೋಶ, ಎಷ್ಟು, ಯಾವ ದಾರಿಯಲ್ಲಿ, ಸ್ಟ್ರೋಕ್ ಆದ ಎಷ್ಟು ದಿನಕ್ಕೆ, ಯಾವ ಬಗೆಯ ರೋಗಿಗೆ ಅನ್ನುವ ಪ್ರಶ್ನೆಗಳು ಇನ್ನೂ ಇವೆ. ಹೆಪ್ಪು ಎಳೆದು ತೆಗೆಯುವ ಚಿಕಿತ್ಸೆಯನ್ನೇ ನೋಡಿ. 2013ರಲ್ಲಿ ಬಂದ ಪ್ರಯೋಗಗಳಲ್ಲಿ ಅದರಿಂದ ಲಾಭ ಕಾಣಲಿಲ್ಲ. ಉಪಕರಣ ಸುಧಾರಿಸಿ, ಸರಿಯಾದ ರೋಗಿಗಳನ್ನು ಆರಿಸಿ ಮತ್ತೆ ಪ್ರಯೋಗ ಮಾಡಿದಾಗ 2015ರಲ್ಲಿ ಒಂದಾದ ಮೇಲೆ ಒಂದು ಪ್ರಯೋಗ ಗೆದ್ದಿತು. ಸ್ಟೆಮ್ ಸೆಲ್ ಹಾಗೆ ಗೆಲ್ಲುತ್ತದೆ ಅಂತ ಇದರಿಂದ ಹೇಳಲಾಗದು. ಡಾಕ್ಟರು ಹೇಳಿದ ‘ಗೊತ್ತಿಲ್ಲ’ದ ತೂಕ ಮಾತ್ರ ಈಗ ನನಗೆ ಅರ್ಥವಾಗುತ್ತದೆ. ಅದು ಓದದೆ ಹೇಳಿದ ಮಾತಾಗಿರಲಿಲ್ಲ, ಇಷ್ಟೆಲ್ಲ ನಡೆದ ಮೇಲೂ ಉಳಿದಿರುವ ‘ಗೊತ್ತಿಲ್ಲ’ ಅದು.

## ಟ್ರಯಲ್‌ನಲ್ಲಿ ಎರಡು ಗುಂಪು ಯಾಕೆ

ಬೀಜದ ಕಂಪನಿಯವರು ಬಂದು ಡೆಮೊ ಪ್ಲಾಟ್ ಮಾಡಿಸುವುದನ್ನು ನೋಡಿದ್ದೀರಿ ಅಲ್ವಾ? ಊರಲ್ಲೇ ಒಳ್ಳೆಯ ಮಣ್ಣು, ಬೋರಿನಲ್ಲಿ ನೀರಿರುವವರ ಹೊಲ ಆರಿಸುತ್ತಾರೆ. ಬೆಳೆ ಚೆನ್ನಾಗಿ ಬರುತ್ತದೆ. ಅದು ಬೀಜದ ಗುಣವೋ ಮಣ್ಣಿನ ಗುಣವೋ ಹೇಳುವುದು ಹೇಗೆ? ಅನುಭವ ಇರುವ ರೈತ ಒಂದೇ ಹೊಲದಲ್ಲಿ ಒಂದು ಸಾಲು ಹಳೆ ಬೀಜ, ಒಂದು ಸಾಲು ಹೊಸ ಬೀಜ ಹಾಕಿ ಒಂದೇ ನೀರು, ಒಂದೇ ಗೊಬ್ಬರ ಕೊಟ್ಟು ನೋಡುತ್ತಾನೆ.

ಟ್ರಯಲ್ ಅಂದರೆ ಇದೇ. ಯಾರಿಗೆ ಕೋಶ, ಯಾರಿಗೆ ಮಾಮೂಲಿ ಚಿಕಿತ್ಸೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತೀರ್ಮಾನಿಸುತ್ತದೆ. ಡಾಕ್ಟರು ಆರಿಸಿದರೆ ಗಟ್ಟಿಯಾಗಿರುವವರೆಲ್ಲ ಒಂದು ಕಡೆ ಸೇರಿಬಿಡಬಹುದು. ಯಾವ ಗುಂಪು ಅನ್ನುವುದನ್ನು ಮುಚ್ಚಿಡುವುದಕ್ಕೂ ಕಾರಣವಿದೆ. ದೊಡ್ಡ ಚಿಕಿತ್ಸೆ ಸಿಕ್ಕಿತು ಅನ್ನುವ ನಂಬಿಕೆಯಲ್ಲೇ ಮನುಷ್ಯ ಇನ್ನೊಂದಿಷ್ಟು ಹೆಜ್ಜೆ ಹಾಕುತ್ತಾನೆ, ನೋಡುವವರ ಕಣ್ಣಿಗೂ ಹಾಗೆ ಕಾಣುತ್ತದೆ. ಗುಟ್ಟು ಉಳಿಯಲಿ ಅಂತ ಕೋಶದ ಬದಲು ಬರೀ ಸಲೈನ್ ಸಿಕ್ಕ ಗುಂಪಿನವರಿಗೆ ಮೋಸ ಆದ ಹಾಗಾಯಿತಲ್ಲ ಅಂತ ಅಣ್ಣ ಕೇಳಿದ. ಅವರಿಗೂ ಮಾತ್ರೆ, ಫಿಜಿಯೋ, ತಪಾಸಣೆ ಎಲ್ಲ ನಡೆಯುತ್ತದೆ. ಕೋಶ ಸಿಕ್ಕವರಿಗೇ ಲಾಭ ಅಂತ ಮೊದಲೇ ಗೊತ್ತಿದ್ದಿದ್ದರೆ ಈ ಟ್ರಯಲ್ ನಡೆಸುವುದೇ ತಪ್ಪಾಗುತ್ತಿತ್ತು.

ಇದೆಲ್ಲ ಹಂತ ಹಂತವಾಗಿ ನಡೆಯುತ್ತದೆ. ಮೊದಲ ಹಂತದಲ್ಲಿ ಕೆಲವೇ ಜನ. ಅಪಾಯ ಇದೆಯಾ ಅನ್ನುವುದೊಂದೇ ಅಲ್ಲಿ ಮುಖ್ಯ. ಎರಡನೆಯದರಲ್ಲಿ ಎಷ್ಟು ಕೊಡಬೇಕು, ಏನಾದರೂ ಸುಳಿವು ಸಿಗುತ್ತದಾ ಅಂತ ನೋಡುತ್ತಾರೆ. ಮೂರನೆಯದರಲ್ಲಿ ನೂರಾರು ಜನರನ್ನು ಸೇರಿಸಿ ಪಕ್ಕಾ ಹೋಲಿಕೆ. ಯಾರಾದರೂ ನಿಮ್ಮನ್ನು ಕರೆದರೆ ಇದು ಎಷ್ಟನೇ ಹಂತ ಅಂತ ಕೇಳಿ. ಮೊದಲ ಹಂತಕ್ಕೆ ‘ನನಗೆ ಗುಣವಾಗಲಿ’ ಅಂತ ಸೇರುವುದು ಮತ್ತು ಮೂರನೇ ಹಂತಕ್ಕೆ ಸೇರುವುದು ಒಂದೇ ಅಲ್ಲ.

## ರೋಗಿಯ ಮನಸ್ಸಿನಲ್ಲಿ ಏನಿರುತ್ತದೆ

ಲಕ್ವ ಹೊಡೆದು ತಿಂಗಳುಗಳಾದವರ ಲೆಕ್ಕಾಚಾರ ಆರೋಗ್ಯವಾಗಿರುವ ನಮ್ಮ ಲೆಕ್ಕಾಚಾರದ ಹಾಗಿರುವುದಿಲ್ಲ. ದೊಡ್ಡಪ್ಪ ಹೇಳಿದ್ದು, “ಕೈ ಹೋಗಿದ್ದು ಹೋಯ್ತು, ಇನ್ನು ಕಳೆದುಕೊಳ್ಳೋಕೆ ಏನಿದೆ?” ಕೇಳಿದಾಗ ಕರುಳು ಚುರ್ ಅಂದಿತು. ಆದರೆ ಕಳೆದುಕೊಳ್ಳುವುದು ಇದೆ. ಅವರು ನಡೆಯುತ್ತಾರೆ, ಮಾತಾಡುತ್ತಾರೆ, ಎಡಗೈಯಲ್ಲಿ ಊಟ ಮಾಡುತ್ತಾರೆ. ತಪ್ಪಾದ ಚಿಕಿತ್ಸೆಯಿಂದ ಇದೂ ಹೋಗಬಹುದು. ಅಮೆರಿಕದ 66 ವರ್ಷದ ಒಬ್ಬರು ಸ್ಟ್ರೋಕ್ ಆದ ಮೇಲೆ ಚೀನಾ, ಅರ್ಜೆಂಟೀನಾ, ಮೆಕ್ಸಿಕೊಗಳಿಗೆ ಹೋಗಿ ದುಡ್ಡು ಕೊಟ್ಟು ಸ್ಟೆಮ್ ಸೆಲ್ ಹಾಕಿಸಿಕೊಂಡರು. ಅವರ ಬೆನ್ನುಹುರಿಯ ಪಕ್ಕ ಗಡ್ಡೆ ಬೆಳೆಯಿತು. ಗಡ್ಡೆಯ ಕೋಶಗಳು ಅವರ ಮೈಯವಾಗಿರಲಿಲ್ಲ, ಬೇರೆಯವರವು. 2016ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಇದು ದಾಖಲಾಗಿದೆ. ಅಣ್ಣನ ಎರಡನೇ ಪ್ರಶ್ನೆಗೆ ಇದೇ ಉತ್ತರ. ದುಡ್ಡು ಕೊಟ್ಟು ಹಾಕಿಸಿಕೊಂಡರೆ ಆ ಕೋಶ ಯಾವುದು, ಆಮೇಲೆ ಏನಾಯಿತು ಅಂತ ಗಮನಿಸಿ ಬರೆದಿಡಬೇಕಾದ ಹೊಣೆ ಯಾರ ಮೇಲೂ ಇರುವುದಿಲ್ಲ.

ಇನ್ನೊಂದು ಸೂಕ್ಷ್ಮ. ಟ್ರಯಲ್‌ಗೆ ಸೇರಿದವರಲ್ಲಿ ಎಷ್ಟೋ ಜನ ಅದನ್ನು ತಮಗಾಗಿ ಮಾಡಿದ ಚಿಕಿತ್ಸೆ ಅಂತಲೇ ತಿಳಿದಿರುತ್ತಾರೆ. ಈ ತಪ್ಪು ತಿಳಿವಳಿಕೆಯನ್ನು 1982ರಲ್ಲೇ ಅಮೆರಿಕದ ಮನೋವೈದ್ಯ ಪಾಲ್ ಅಪೆಲ್‌ಬಾಮ್ ಮತ್ತು ಜೊತೆಗಾರರು ಗುರುತಿಸಿ ಹೆಸರಿಟ್ಟರು. ಚಿಕಿತ್ಸೆಯಲ್ಲಿ ಡಾಕ್ಟರು ನಿಮ್ಮೊಬ್ಬರಿಗೆ ಯಾವುದು ಒಳ್ಳೆಯದು ಅಂತ ನೋಡುತ್ತಾರೆ. ಟ್ರಯಲ್‌ನಲ್ಲಿ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಾರೆ, ನಿಮ್ಮ ಸುರಕ್ಷತೆ ಕಾಯುತ್ತಾ. ಆ ಉತ್ತರದ ಲಾಭ ಹೆಚ್ಚಾಗಿ ಮುಂದೆ ಬರುವ ರೋಗಿಗೆ. ಇದು ತಿಳಿದ ಮೇಲೂ “ಪರವಾಗಿಲ್ಲ, ಇನ್ನೊಬ್ಬರಿಗಾದರೂ ಉಪಯೋಗವಾಗಲಿ” ಅಂತ ಒಪ್ಪುವವರು ಬೇಕಾದಷ್ಟಿದ್ದಾರೆ. ತಿಳಿಯದೆ ಒಪ್ಪುವುದು ಬೇರೆ, ತಿಳಿದು ಒಪ್ಪುವುದು ಬೇರೆ.

ಒಪ್ಪದವರ ಕಾರಣಗಳೂ ಹಗುರವಲ್ಲ. ನಮ್ಮ ಊರುಗಳಲ್ಲಿ ಮೊದಲ ಅಡ್ಡಿ ಭಯ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಾನು ನೋಡಿದ ಹಾಗೆ ಮೊದಲ ಅಡ್ಡಿ ಓಡಾಟ. ಇಂಥ ಟ್ರಯಲ್ ನಡೆದರೆ ದೊಡ್ಡ ಆಸ್ಪತ್ರೆಯಲ್ಲಿ, ಅಂದರೆ ಬೆಂಗಳೂರಿನಲ್ಲಿ. ಕೋಲಾರದಿಂದಲೇ ಸುಮಾರು 70 ಕಿಲೋಮೀಟರ್. ಹಳ್ಳಿಯಿಂದ ಕೋಲಾರಕ್ಕೆ ಬರುವುದು ಬೇರೆ. ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ತಪಾಸಣೆಗೆ ಬನ್ನಿ ಅನ್ನುತ್ತಾರೆ. ಕೋಲು ಹಿಡಿದವರನ್ನು ಎರಡು ಬಸ್ಸು ಹತ್ತಿಸಿ ಕರೆದುಕೊಂಡು ಹೋಗಲು ಜೊತೆಗೊಬ್ಬರು ಬೇಕು. ಅವರ ಕೂಲಿ ಅವತ್ತು ಹೋಯಿತು. ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ, “ಆವತ್ತು ಹಸುಗಳ ಹಾಲು ಕರೆಯೋರು ಯಾರು?” ಡೈರಿಗೆ ಹಾಲು ಹಾಕಿ ಸಂಸಾರ ನಡೆಸುವ ಮನೆಗೆ ಅದು ದೊಡ್ಡ ಪ್ರಶ್ನೆಯೇ.

ಎರಡನೆಯದು ನಂಬಿಕೆ. “ನಮ್ಮನ್ನು ಇಲಿ ಮಾಡ್ತಾರೆ” ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕುವ ಯೋಜನೆ ನಡೆದಾಗ, ಎಷ್ಟೋ ಕಡೆ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಬಯಲಾಯಿತು. 2013ರಲ್ಲಿ ಸಂಸತ್ತಿನ ಸಮಿತಿ ಕಟುವಾಗಿ ಬರೆಯಿತು. ಆ ಹೊತ್ತಿಗೆ ಸುಪ್ರೀಂ ಕೋರ್ಟಿನಲ್ಲೂ ಟ್ರಯಲ್‌ಗಳ ಬಗ್ಗೆ ಮೊಕದ್ದಮೆ ನಡೆದಿತ್ತು. ನಿಯಮಗಳು ಬಿಗಿಯಾದದ್ದು ಅದರ ನಂತರ.

ಮೂರನೆಯದು ಲಕ್ವಕ್ಕೇ ಇರುವ ತೊಡಕು. ಒಪ್ಪಿಗೆ ಕೊಡಬೇಕಾದವರ ಮಾತೇ ನಿಂತಿರಬಹುದು, ಕೇಳಿದ್ದು ಅರ್ಥವಾಗದೆ ಇರಬಹುದು. ಮೊದಲ ಒಂದೆರಡು ದಿನದಲ್ಲೇ ಕೊಡುವ ಕೋಶವಾದರೆ ಯೋಚಿಸಲು ಸಮಯವೂ ಇಲ್ಲ, ಮನೆಯವರು ಐಸಿಯು ಬಾಗಿಲಲ್ಲಿ ಅಳುತ್ತಾ ನಿಂತಿರುತ್ತಾರೆ. ಕಾನೂನಿನಲ್ಲಿ ಮನೆಯವರು ಪರವಾಗಿ ಒಪ್ಪಿಗೆ ಕೊಡಲು ಅವಕಾಶವಿದೆ. ಓದು ಬಾರದವರಾದರೆ ವಿವರಿಸುವಾಗ ಪಕ್ಷಪಾತ ಇಲ್ಲದ ಒಬ್ಬ ಸಾಕ್ಷಿ ಪೂರ್ತಿ ಹೊತ್ತು ಜೊತೆಗಿರಬೇಕು. ಆದರೆ ತಿಂಗಳುಗಳ ನಂತರದ ಟ್ರಯಲ್‌ಗೆ ಈ ಅವಸರ ಇಲ್ಲ. ಆಗ ರೋಗಿಯನ್ನೇ ಕೂರಿಸಿ ಕೇಳಬಹುದು. ನಮ್ಮ ಮನೆಯಲ್ಲಿ ಮುಂಗಡದ ಮಾತೆಲ್ಲ ಮುಗಿಯುವವರೆಗೂ ದೊಡ್ಡಪ್ಪನನ್ನು ಒಂದು ಮಾತೂ ಕೇಳಿರಲಿಲ್ಲ. ಕೈ ಅವರದು.

## ಡಾಕ್ಟರ ಮನಸ್ಸಿನಲ್ಲಿ ಏನಿರುತ್ತದೆ

ಟ್ರಯಲ್ ಅಂದರೆ ಡಾಕ್ಟರಿಗೆಲ್ಲ ಉತ್ಸಾಹ, ಹಿಂಜರಿಯುವವರು ರೋಗಿಗಳು ಅಂತ ನಾನು ತಿಳಿದಿದ್ದೆ. ಕೇಳುತ್ತಾ ಹೋದರೆ ಅವರ ಕಡೆಯ ಹಿಂಜರಿಕೆಯೂ ಅಷ್ಟೇ ದೊಡ್ಡದು.

ರೋಗಿಯನ್ನು ಟ್ರಯಲ್‌ಗೆ ಕಳಿಸುವ ಡಾಕ್ಟರಿಗೆ ಒಂದು ಪ್ರಾಮಾಣಿಕ ಅನುಮಾನ ಇರಬೇಕು. ಕೋಶದಿಂದ ಒಳ್ಳೆಯದಾಗುತ್ತೆ ಅಂತ ಖಚಿತವಾಗಿ ನಂಬಿದವರು ತಮ್ಮ ರೋಗಿಯನ್ನು ಸಲೈನ್ ಗುಂಪಿಗೆ ಬೀಳಬಹುದಾದ ಚೀಟಿಗೆ ಹೇಗೆ ಒಪ್ಪಿಸುತ್ತಾರೆ? ಕೆಟ್ಟದಾಗುತ್ತೆ ಅಂತ ನಂಬಿದವರೂ ಕಳಿಸಲಾರರು. ತಕ್ಕಡಿ ಎರಡೂ ಕಡೆ ಸಮವಾಗಿ ನಿಂತಾಗ ಮಾತ್ರ ಟ್ರಯಲ್ ನ್ಯಾಯ. ಒಬ್ಬ ಡಾಕ್ಟರ ತಕ್ಕಡಿ ಸ್ವಲ್ಪ ವಾಲಿದ್ದರೂ ಪರವಾಗಿಲ್ಲ, ಈ ವಿಷಯ ಬಲ್ಲವರ ಸಮುದಾಯದಲ್ಲಿ ನಿಜವಾದ ಅನುಮಾನ ಉಳಿದಿದ್ದರೆ ಸಾಕು ಅಂತ 1987ರಲ್ಲಿ ವೈದ್ಯಕೀಯ ನೀತಿಯ ವಿದ್ವಾಂಸ ಬೆಂಜಮಿನ್ ಫ್ರೀಡ್‌ಮನ್ ವಾದಿಸಿದರು. ಈಗ ಹೆಚ್ಚಿನವರು ಇದನ್ನು ಒಪ್ಪುತ್ತಾರೆ. ಆದರೂ ಎದುರಿಗೆ ಕೂತ ಒಬ್ಬ ಮನುಷ್ಯನ ಮುಖ ನೋಡಿ ಚೀಟಿ ಎತ್ತೋಣ ಅನ್ನುವುದು ಸುಲಭವಲ್ಲ.

ಕೋಶ ಕೊಡುವ ದಾರಿಯ ಮೇಲೂ ಅವರ ಮನಸ್ಸು ವಾಲುತ್ತದೆ. ನರಕ್ಕೆ ಬಿಡುವುದಾದರೆ ಸರಿ. ಒಂದು ಗುಂಪಿಗೆ ಅರಿವಳಿಕೆ ಕೊಟ್ಟು, ಬುರುಡೆ ಮುಟ್ಟಿ, ಕೋಶವನ್ನೇ ಕೊಡದೆ ಕಳಿಸುವುದು ಎಷ್ಟೋ ಡಾಕ್ಟರಿಗೆ ನುಂಗಲಾರದ ತುತ್ತು. ಅದಿಲ್ಲದಿದ್ದರೆ 18 ಜನರ ಸಂತೋಷವೇ ಕೊನೆಯ ಉತ್ತರ ಅಂತ ನಾವು ಇವತ್ತಿಗೂ ನಂಬಿರುತ್ತಿದ್ದೆವು ಅನ್ನುವುದೂ ನಿಜ. ಈ ಎರಡು ಮಾತಿನ ನಡುವೆ ನನಗೂ ಸುಲಭದ ದಾರಿ ಕಾಣುತ್ತಿಲ್ಲ.

ಉಳಿದವು ದಿನನಿತ್ಯದ ಕಾರಣಗಳು. ಓಪಿಡಿಯಲ್ಲಿ ಹೊರಗೆ ಸಾಲು ನಿಂತಿರುವಾಗ ಒಬ್ಬರಿಗೆ ಒಂದು ಗಂಟೆ ಕೂತು ವಿವರಿಸುವುದು ಎಲ್ಲಿಂದ? ಬರೆಯಬೇಕಾದ ಕಾಗದಗಳು ಬೇರೆ. ಏನಾದರೂ ಆದರೆ ಮನೆಯವರು ಗಲಾಟೆಗೆ ಬಂದರೆ ಅನ್ನುವ ಭಯವೂ ಇದೆ. ತಾಲ್ಲೂಕಿನ ಡಾಕ್ಟರಿಗೆ ಎಲ್ಲಿ ಯಾವ ಟ್ರಯಲ್ ನಡೆಯುತ್ತಿದೆ ಅನ್ನುವ ಸುದ್ದಿಯೇ ತಲುಪುವುದಿಲ್ಲ. ‘ನನಗೆ ಗೊತ್ತಿಲ್ಲ’ ಅಂದರೆ ರೋಗಿ ಇನ್ನೊಬ್ಬರ ಹತ್ತಿರ ಹೋಗಿಬಿಡುತ್ತಾನೆ ಅನ್ನುವ ಚಿಂತೆಯೂ ಇರುತ್ತದೆ. ನಮ್ಮಣ್ಣ ಅವತ್ತು ಮಾಡಹೊರಟಿದ್ದೂ ಅದೇ ಅಲ್ವಾ? ಇದೆಲ್ಲ ಗೊತ್ತಿದ್ದೂ ನಮ್ಮ ಡಾಕ್ಟರು ಆ ಮಾತು ಹೇಳಿದರು. ಅವತ್ತಿಗಿಂತ ಈಗ ಅವರ ಮೇಲೆ ನನಗೆ ಗೌರವ ಜಾಸ್ತಿ.

ಅನುಕೂಲ ಮಾಡಿಕೊಟ್ಟರೆ ನಮ್ಮ ದೇಶದಲ್ಲಿ ರೋಗಿ, ಡಾಕ್ಟರು ಇಬ್ಬರೂ ಮುಂದೆ ಬರುತ್ತಾರೆ ಅನ್ನುವುದಕ್ಕೆ ಸಾಕ್ಷಿಯಿದೆ. ಮತ್ತೆ ಸ್ಟ್ರೋಕ್ ಆಗದಂತೆ ತಡೆಯಲು ಫೋನ್ ಸಂದೇಶ, ವಿಡಿಯೊ, ಪುಸ್ತಕ ಕೊಟ್ಟು ನೋಡಿದ ‘ಸ್ಪ್ರಿಂಟ್ ಇಂಡಿಯಾ’ ಅನ್ನುವ ಟ್ರಯಲ್‌ಗೆ 31 ಕೇಂದ್ರಗಳಲ್ಲಿ 4,298 ರೋಗಿಗಳು ಸೇರಿದ್ದರು. ರೋಗಿಯ ಭಾಷೆಯಲ್ಲೇ ಎಲ್ಲವೂ ಇತ್ತು. ಕೋಶ ಹಾಕಿಸಿಕೊಳ್ಳುವುದಕ್ಕೂ ಫೋನ್ ಸಂದೇಶಕ್ಕೂ ಹೋಲಿಕೆ ಇಲ್ಲ ನಿಜ, ಆದರೂ ನಮ್ಮ ಜನ ಟ್ರಯಲ್‌ಗೇ ಬರುವುದಿಲ್ಲ ಅನ್ನುವ ಮಾತು ಸರಿಯಲ್ಲ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಶುರು ಮಾಡಿದ ಮಿದುಳು ಆರೋಗ್ಯ ಯೋಜನೆಗೆ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ತಪಾಸಣೆಗಳು ಹೀಗೆ ಜಿಲ್ಲಾ ಆಸ್ಪತ್ರೆಯಲ್ಲೇ ಆಗುವ ದಿನ ಬಂದರೆ ದೊಡ್ಡಮ್ಮನ ಹಾಲಿನ ಪ್ರಶ್ನೆಗೂ ಉತ್ತರ ಸಿಗುತ್ತದೆ.

## ಟ್ರಯಲ್ ಯಾವುದು, ವ್ಯಾಪಾರ ಯಾವುದು

ದೇಶದ ವೈದ್ಯಕೀಯ ಸಂಶೋಧನೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿದೆ. ಮೂಳೆಮಜ್ಜೆ ಕಸಿ ಮಾಡುವ ಮಾನ್ಯ ಕಾಯಿಲೆಗಳನ್ನು ಬಿಟ್ಟು ಬೇರೆ ಯಾವುದಕ್ಕೂ ಸ್ಟೆಮ್ ಸೆಲ್ಲನ್ನು ಮಾಮೂಲಿ ಚಿಕಿತ್ಸೆಯಾಗಿ ಕೊಡುವಂತಿಲ್ಲ, ಅನುಮತಿ ಪಡೆದ ಟ್ರಯಲ್‌ನಲ್ಲಿ ಮಾತ್ರ ಕೊಡಬಹುದು. ಲಕ್ವ ಆ ಮಾನ್ಯ ಪಟ್ಟಿಯಲ್ಲಿಲ್ಲ. ಟ್ರಯಲ್‌ನಲ್ಲಿ ರೋಗಿಯಿಂದ ಕೋಶದ ದುಡ್ಡು ಕೇಳುವಂತಿಲ್ಲ. ಹಾಗಾಗಿ ಮೊದಲ ಪರೀಕ್ಷೆ ಬಹಳ ಸುಲಭ. ಲಕ್ಷ ಕೇಳಿದರೆ ಅಲ್ಲಿಗೆ ಮಾತು ಮುಗಿಯಿತು.

ನಮ್ಮ ದೇಶದಲ್ಲಿ ನಡೆಯುವ ಔಷಧ ಟ್ರಯಲ್‌ಗಳು ಸಿಟಿಆರ್‌ಐ ಅನ್ನುವ ಸರ್ಕಾರಿ ದಾಖಲೆಯಲ್ಲಿ ಇರಲೇಬೇಕು. 2009ರಿಂದ ಇದು ಕಡ್ಡಾಯ. ಅದರ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹುಡುಕಬಹುದು. ಕರೆದವರ ಹತ್ತಿರ ಆ ನಂಬರ್ ಕೇಳಿ. ನಂಬರ್ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಆಗುವುದಿಲ್ಲ, ಅದು ಹೆಸರು ಬರೆಸಿದ್ದಕ್ಕೆ ಗುರುತು ಅಷ್ಟೆ. ಟ್ರಯಲ್‌ಗೆ ಸೇರುವವರ ಹಿತ ಕಾಯುವ ಎಥಿಕ್ಸ್ ಕಮಿಟಿ ಒಪ್ಪಿದೆಯಾ, ಕೇಂದ್ರ ಔಷಧ ನಿಯಂತ್ರಕರ ಅನುಮತಿ ಇದೆಯಾ ಅಂತಲೂ ಕೇಳಬೇಕು. 2019ರ ನಿಯಮಗಳ ಪ್ರಕಾರ ಆ ಕಮಿಟಿಯಲ್ಲಿ ಕನಿಷ್ಠ ಏಳು ಜನ ಇರಬೇಕು. ಅವರಲ್ಲಿ ಅರ್ಧದಷ್ಟಾದರೂ ಆ ಆಸ್ಪತ್ರೆಗೆ ಸಂಬಂಧವಿಲ್ಲದವರು. ಕಾನೂನು ತಿಳಿದ ಒಬ್ಬರು, ನಮ್ಮ ನಿಮ್ಮಂಥ ಸಾಮಾನ್ಯ ಜನರಲ್ಲಿ ಒಬ್ಬರು, ಕನಿಷ್ಠ ಒಬ್ಬ ಮಹಿಳೆ ಕಡ್ಡಾಯ. ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡಕ್ಕೂ ಅದೇ ನಿಯಮಗಳಲ್ಲಿ ಜಾಗವಿದೆ. ನಡುವೆ ಯಾವಾಗ ಬೇಕಾದರೂ ಬಿಟ್ಟು ಬರಬಹುದು. ಬಿಟ್ಟರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಿ. ನಮ್ಮ ಗಡಿ ಊರುಗಳಲ್ಲಿ ಮನೆಮಾತು ತೆಲುಗಾದರೆ ತೆಲುಗಿನಲ್ಲಿ ಕೇಳಿ. ಮನೆಗೆ ತಂದು, ಓದು ಬಲ್ಲವರಿಂದ ಜೋರಾಗಿ ಓದಿಸಿ, ಅರ್ಥವಾಗದ ಸಾಲಿನ ಪಕ್ಕ ಗೆರೆ ಎಳೆದು ವಾಪಸ್ ಹೋಗಿ ಕೇಳಿ. ಬಸ್ ಚಾರ್ಜು, ಜೊತೆಗೆ ಬಂದವರ ಖರ್ಚು ಯಾರು ಕೊಡುತ್ತಾರೆ ಅನ್ನುವುದನ್ನು ನಾಚಿಕೊಳ್ಳದೆ ಕೇಳಿ. ರೋಗಿಯನ್ನು ಸೇರಿಸಿದ್ದಕ್ಕೆ ಡಾಕ್ಟರಿಗೆ ಏನಾದರೂ ಸಿಗುತ್ತದಾ ಅಂತಲೂ ಕೇಳಬಹುದು. ಕೇಳಿದ್ದಕ್ಕೆ ಸಿಟ್ಟಾಗುವವರ ಹತ್ತಿರ ಸಹಿ ಹಾಕಬೇಡಿ.

ಎಲ್ಲರನ್ನೂ ಟ್ರಯಲ್‌ಗೆ ತೆಗೆದುಕೊಳ್ಳುವುದಿಲ್ಲ ಅನ್ನುವುದನ್ನೂ ನೆನಪಿಡಿ. ವಯಸ್ಸು, ಸ್ಟ್ರೋಕ್ ಆಗಿ ಎಷ್ಟು ದಿನ, ಹೆಪ್ಪಿನದೋ ರಕ್ತಸ್ರಾವದ್ದೋ, ಬೇರೆ ಕಾಯಿಲೆಗಳೇನು ಎಲ್ಲ ನೋಡುತ್ತಾರೆ. ಬೇಡ ಅಂದರೆ ಅದು ರೋಗಿಯ ಮೇಲಿನ ತೀರ್ಪಲ್ಲ. ಸ್ಕ್ಯಾನ್ ಫಿಲಂ, ಡಿಸ್ಚಾರ್ಜ್ ಸಮ್ಮರಿ, ಈಗ ತಿನ್ನುತ್ತಿರುವ ಮಾತ್ರೆಗಳ ಪಟ್ಟಿ, ನಾಟಿ ಔಷಧಿ ಏನಾದರೂ ನಡೆದಿದ್ದರೆ ಅದೂ ಸೇರಿದಂತೆ ಒಂದು ಫೈಲಿನಲ್ಲಿ ಇಟ್ಟುಕೊಂಡರೆ ಯಾವ ಡಾಕ್ಟರಿಗೆ ತೋರಿಸಲೂ ಸುಲಭ.

ಮುಂಗಡದ ಮಾತು ನಮ್ಮ ಮನೆಯಲ್ಲಿ ನಿಂತಿದೆ. ಮೊನ್ನೆ ಭಾನುವಾರ ಎಲ್ಲರೂ ಜಗುಲಿ ಮೇಲೆ ಕೂತಿದ್ದಾಗ ದೊಡ್ಡಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ನರಕ್ಕೆ ಬಿಡುವುದಾದರೆ ಬರುತ್ತೇನೆ, ತಲೆಗೆ ಕೈ ಹಾಕುವುದಾದರೆ ಬೇಡ ಅಂದರು. ಸಲೈನ್ ಗುಂಪಿಗೆ ಬಿದ್ದರೂ ಪರವಾಗಿಲ್ಲವಾ ಅಂತ ಅಣ್ಣ ಕೇಳಿದ. “ಬಿದ್ದರೆ ಬೀಳಲಿ, ಆದರೆ ಕೊನೆಗೆ ಯಾವ ಗುಂಪು ಅಂತ ನನಗೆ ಹೇಳಬೇಕು, ಅದನ್ನು ಮೊದಲೇ ಕೇಳಿಕೊಂಡು ಬಾ” ಅಂದರು. ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಪಟ್ಟಿಗೆ ಸೇರಿಸಿಕೊಂಡಿದ್ದೇನೆ.